ಕಲ್ಲಿನ ಮೇಲೆ ಬಿದ್ದ ಸ್ಕಿಲ್ಲಿಂಗ್

ಕಾಂಗ್ಸ್‌ಬರ್ಗ್, ನಾರ್ವೆ
೨೦ ಮೇ ೧೮೭೫

ಪ್ರೀತಿಯ ಅಮ್ಮನಿಗೆ,

ನಿನ್ನ ಓಸ್ನೆ ಮಾಡುವ ವಂದನೆಗಳು. ನಾನು ಚೆನ್ನಾಗಿದ್ದೇನೆ, ಶಾಲೆಯಲ್ಲಿ ಕಲಿಸುವ ಕೆಲಸವೊಂದು ಹೋಗಿದೆ ಅಷ್ಟೆ. ಊರವರು ಉಪ್ಪು ಖಾರ ಹಚ್ಚಿ ಹೇಳುವ ಮೊದಲು ನನ್ನಿಂದಲೇ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಹಳೆಯ ಸ್ಕಿಲ್ಲಿಂಗ್ ನಾಣ್ಯ ಹೋಗಿ ಕ್ರೋನ ಬಂತಲ್ಲ, ಅದಕ್ಕೇ ಈ ಸಲದ ಪರೀಕ್ಷೆಯಲ್ಲಿ ಸ್ಕಿಲ್ಲಿಂಗ್ ಎಂಬ ಹೆಸರು ಹೇಗೆ ಬಂತು ಎಂದು ಕೇಳಿದ್ದರು. ನನ್ನ ತರಗತಿಯ ಥೂರಾ, ನಾನು ಹೇಳಿಕೊಟ್ಟಂತೆ, ಖಣ್ ಎಂದು ದನಿಗೊಡುವುದಕ್ಕೆ ಹಳೆಯ ಭಾಷೆಯಲ್ಲಿದ್ದ ಪದದಿಂದ ಎಂದು ಬರೆದಳು. ಶಾಲಾ ಸಮಿತಿಯ ಪಾದ್ರಿ ಬ್ಯೆರ್ಕೆ ಅದಕ್ಕೆ ಸೊನ್ನೆ ಹಾಕಿದರು. ಬೆಳ್ಳಿಯನ್ನು ಕತ್ತರಿಸಿ ಬೇರ್ಪಡಿಸುತ್ತಿದ್ದುದರಿಂದ ಆ ಹೆಸರು ಬಂತೆಂದು ಅವರ ವಾದ. ಹುಡುಗಿ ಎರಡು ದಿನ ಶಾಲೆಗೇ ಬರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಸಮಿತಿಯ ಮುಂದೆ ಹೋಗಿ ಅವರು ನೆಚ್ಚಿದ್ದ ಪದಮೂಲಗಳ ಪುಸ್ತಕ ತರಿಸಿದೆ. ಅದರಲ್ಲಿ ಎರಡೂ ಅರ್ಥಗಳಿದ್ದವು, ಯಾವುದೂ ಖಚಿತವಲ್ಲ ಎಂದೂ ಇತ್ತು. ಪಾದ್ರಿಗಳು ಅಷ್ಟು ಕೆಳಗೆ ಓದುವ ಗೋಜಿಗೇ ಹೋಗಿರಲಿಲ್ಲ. ನಿಮಗೆ ಇದನ್ನು ಹೇಳಿದವರು ಯಾರೆಂದು ನನ್ನನ್ನೇ ಜಬರಿಸಿದರು. ಟಂಕಸಾಲೆಯಲ್ಲಿ ಇಪ್ಪತ್ತು ವರ್ಷ ದುಡಿದ ನನ್ನ ಅಪ್ಪ ಎಂದೆ. ಒಲೆಯ ಮುಂದಿನ ಕಲ್ಲಿನ ಮೇಲೆ ಒಂದು ಸ್ಕಿಲ್ಲಿಂಗ್ ಬೀಳಿಸಿದೆ. ಆ ದನಿಗೆ ಸಮಿತಿಯ ಹಿರಿಯರಿಬ್ಬರು ತಲೆದೂಗಿದರು.

"ನೋಡಿ ಮೇಷ್ಟ್ರಮ್ಮ, ನೀವು ಸೋತ್ರೆ ಯಾರೂ ಕೇಳಲ್ಲ. ಸಮಿತಿ ಸೋತ್ರೆ ಊರೇ ನಗತ್ತೆ. ಹೇಳ್ಕೊಟ್ಟಿದ್ದು ತಪ್ಪು ಅಂತ ಒಂದು ಸಹಿ ಹಾಕ್ಬಿಡಿ," ಎಂದರು ಪಾದ್ರಿಗಳು.

"ಇನ್ಮೇಲೆ ಎರಡೂ ಅರ್ಥ ಹೇಳ್ಕೊಡ್ತೀನಿ, ನೀವೂ ಎರಡಕ್ಕೂ ಅಂಕ ಕೊಡಿ. ತಪ್ಪು ಅಂತ ಮಾತ್ರ ನನ್ನ ಕೈ ಬರೆಯಲ್ಲ," ಎಂದೆ.

ಆ ಹಿರಿಯರಿಬ್ಬರು ಪಟ್ಟು ಹಿಡಿದದ್ದರಿಂದ ಥೂರಾಳ ಸೊನ್ನೆ ತಿದ್ದಿದರು. ನನಗೆ ಮಾತ್ರ ಸಹಿ ಇಲ್ಲದೆ ಕೆಲಸ ಇಲ್ಲ ಎಂದರು. ಶಾಲೆಯ ಬೀಗದ ಕೈ ಮೇಜಿನ ಮೇಲಿಟ್ಟು ಬಂದುಬಿಟ್ಟೆ. ಅಳಬೇಡ. ನಾನೂ ಅತ್ತಿಲ್ಲ.

ಇಂತಿ ನಿನ್ನ ಹಟಮಾರಿ ಮಗಳು,
ಓಸ್ನೆ

ಮರೆತ ಮಾತು: ಮರೆತದ್ದಲ್ಲ ಅಮ್ಮ, ಬರೆಯಲು ಧೈರ್ಯ ಬಂದಿರಲಿಲ್ಲ. ಅಲ್ಲಿ ನಾನೊಂದು ಸುಳ್ಳು ಹೇಳಿದೆ. ನಾಣ್ಯ ಒತ್ತುವ ಯಂತ್ರದ ಸದ್ದಿಗೆ ಅಪ್ಪನ ಕಿವಿ ಎಂದೋ ಹೋಗಿತ್ತು. ಸಂತೆಯಲ್ಲಿ ರೊಟ್ಟಿ ಮಾರುತ್ತ, ಕೈಗೆ ಬಂದ ಪ್ರತಿ ಸ್ಕಿಲ್ಲಿಂಗನ್ನೂ ಅಸಲಿಯೋ ನಕಲಿಯೋ ಎಂದು ಕಲ್ಲಿಗೆ ಬಡಿದು ಕೇಳುತ್ತಿದ್ದವಳು ನೀನು. ಆ ಅರ್ಥ ಹೇಳಿಕೊಟ್ಟವಳೂ ನೀನು. ರೊಟ್ಟಿ ಮಾರುವವಳ ಮಾತೆಂದರೆ ಆ ದೊಡ್ಡವರು ನಗುತ್ತಾರೆಂದು ಹೆದರಿದೆ. ಕೆಲಸ ಹೋದದ್ದಕ್ಕಿಂತ ಆ ಹೆದರಿಕೆ ನನ್ನನ್ನು ಹೆಚ್ಚು ಸುಡುತ್ತಿದೆ. ಭಾನುವಾರ ಪ್ರಾರ್ಥನೆ ಮುಗಿದು ಜನರೆಲ್ಲ ಚರ್ಚಿನ ಅಂಗಳದಲ್ಲಿ ಸೇರಿದಾಗ, ಪಾದ್ರಿಗಳ ಎದುರಿಗೇ ನಿನ್ನ ಹೆಸರು ಹೇಳುತ್ತೇನೆ. ನೀನು ಬಂದು ನನ್ನ ಪಕ್ಕ ನಿಲ್ಲಬೇಕು.