ಬಾಗಿಲು ಹಾಕಿ ಕೇಳಿದ ಮಾತು

ಸಿಂಧನೂರು, 1993

ಯವ್ವಾ,

ಇವತ್ತು ನಾನು ಗೆದ್ದೆ. ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಮುಕ್ಕುಂದದಿಂದ ಆದೆಮ್ಮ ಎಂಬ ಬಾಣಂತಿಯನ್ನು ನಮ್ಮ ಆಸ್ಪತ್ರೆಗೆ ಕರೆತಂದಿದ್ದರು. ಮೈ ರೊಟ್ಟಿಯ ಹಂಚಿನಂತೆ ಕಾದಿತ್ತು. ಗಂಡ ಪಕ್ಕದಲ್ಲೇ ನಿಂತಿದ್ದ; ನಾನು ಏನು ಕೇಳಿದರೂ ಉತ್ತರ ಅವಳ ಅತ್ತೆಯದು.

"ಹೊಟ್ಟಿ ನೋವ್ರಿ ಸಿಸ್ಟರ್, ನಂಜಾಗೇತಿ."

ಆದೆಮ್ಮ ಹೊಟ್ಟೆ ಮುಟ್ಟಿ ತೋರಿಸಿ ತಲೆಯಾಡಿಸಿದಳು. ಒತ್ತಿ ನೋಡಿದೆ. ಹೊಟ್ಟೆ ಮೆತ್ತಗಿತ್ತು, ಅವಳು ಮುಖ ಕಿವುಚಲಿಲ್ಲ. ಆದರೆ ಬಿಪಿ ಪಟ್ಟಿ ಕಟ್ಟಲು ಎಡಗೈ ಎತ್ತಿದಾಗ ಹಲ್ಲು ಕಚ್ಚಿದಳು.

ಅತ್ತೆಯನ್ನೂ ಗಂಡನನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದೆ.

"ಅಕಿಗೇನ ತಿಳೀತೈತ್ರಿ, ನನ್ನ ಕೇಳ್ರಿ!" ಎಂದು ಅತ್ತೆ ಹೊರಗಿನಿಂದ ಬಾಗಿಲು ಬಡಿದಳು. ನಾನು ತೆರೆಯಲಿಲ್ಲ.

"ಕೂಸಿಗೆ ಯಾವ ಕಡಿ ಹಾಲು ಕುಡಿಸಾಕತ್ತೀಯವ್ವಾ?" ಎಂದು ಕೇಳಿದೆ.

ಆದೆಮ್ಮ ಅಳತೊಡಗಿದಳು. "ಬಲಗಡಿ ಅಷ್ಟರೀ. ಎಡಗಡಿ ಗಂಟಾಗೇತಿ. ಗಂಡಸರ ಮುಂದ ಹೆಂಗ ಹೇಳ್ಲಿ?"

ಎಡ ಮೊಲೆ ಕೀವು ತುಂಬಿ ಬಿಗಿದಿತ್ತು. ಡಾಕ್ಟರನ್ನು ಕರೆದೆ. ಅವರು ಕೊಯ್ದು ಕೀವು ತೆಗೆದರು. "ಛಲೋ ಹಿಡದ್ರಿ ಸಿಸ್ಟರ್" ಎಂದರು. ಸಂಜೆಗೆ ಜ್ವರ ಇಳಿಯಿತು. ನನಗೆ ವಾರ್ಡಿನಲ್ಲೇ ಕುಣಿಯಬೇಕೆನಿಸಿತು, ಯವ್ವಾ!

"ಬಾಗಲಾ ಹಾಕಿ ಕೇಳಬೇಕಂತ ನಿಮಗ ಯಾರು ಕಲಿಸಿದ್ರಿ?" ಎಂದು ಆದೆಮ್ಮ ಕೇಳಿದಳು.

"ಟ್ರೇನಿಂಗ್‌ನಾಗ ಕಲಿಸ್ಯಾರ" ಎಂದೆ.

ನೀನು ತೀರಿಕೊಳ್ಳುವ ಮುನ್ನ ಕೊನೆಯ ಸಲ ದವಾಖಾನೆಗೆ ಕರೆದೊಯ್ದಾಗ ನೀನೂ ಹೊಟ್ಟೆಯನ್ನೇ ಮುಟ್ಟಿ ತೋರಿಸಿದ್ದೆ. ಮಾತೆಲ್ಲ ಅಪ್ಪನದೇ. ಬಾಗಿಲು ತೆರೆದೇ ಇತ್ತು.