ಹೆತ್ತ ಮೇಲೆ ಬರುವ ನಡುಕದ ಬಗ್ಗೆ

ಕಪ್ಪತಗುಡ್ಡದ ಕೆಳಗಿನ ಏಳುಮೆಟ್ಟಿಲು ಎಂಬ ಊರು. ನೆರೆ ಇಳಿದ ಇನ್ನೂರ ಹನ್ನೆರಡನೆಯ ವರ್ಷ, ಎರಡನೆಯ ಶ್ರಾವಣದ ಮೂವತ್ತೊಂಬತ್ತನೆಯ ದಿನ, ಸೋಮವಾರ.

ನನಗಿಂತ ಬಹಳ ಹಿಂದೆ ಹುಟ್ಟಿದ ತಾಯಂದಿರಿಗೆ ಅಡಿವೆವ್ವನ ಶರಣು.

ಇಂದು ಸೋಮವಾರದ ಒಪ್ಪತ್ತು. ಬೆಳಿಗ್ಗೆ ಎದ್ದು ಮಂಜುಬಲೆಯಿಂದ ಎರಡು ಕೊಡ ನೀರು ಇಳಿಸಿದೆ. ಗುಡ್ಡದ ಇಳಿಜಾರಿಗೆ ಅಡ್ಡ ಕಟ್ಟಿದ ಬಲೆ ಅದು. ರಾತ್ರಿಯ ಇಬ್ಬನಿ ಅದರಲ್ಲಿ ಇಳಿದು ಕೊಡಕ್ಕೆ ಬೀಳುತ್ತದೆ, ನಾವು ಕುಡಿಯುವುದು ಅದನ್ನೇ. ಮಾಳಿಗೆ ಹತ್ತಿ, ಬಿಸಿಲು ಕುಡಿದು ದೀಪ ಹೊತ್ತಿಸುವ ಬಿಸಿಲುಹಾಳೆಗಳ ಧೂಳು ಒರೆಸಿದೆ, ನವಣೆ ಬೀಸಿದೆ, ಲಿಂಗಪೂಜೆ ಮುಗಿಸಿ ಈ ಕಾಗದದ ಮುಂದೆ ಕೂತೆ. ಹೊತ್ತು ಮುಳುಗುವವರೆಗೆ ಹೊಟ್ಟೆಗೆ ಏನೂ ಇಲ್ಲ, ಆದ್ದರಿಂದ ಬರೆಯಲು ಸಮಯವಿದೆ. ನಿಮ್ಮ ಲೆಕ್ಕದ ತಿಂಗಳಿಗೆ ಮೂವತ್ತೊಂದಕ್ಕಿಂತ ಹೆಚ್ಚು ದಿನ ಇರಲಿಲ್ಲವೆಂದು ಕೇಳಿದ್ದೇನೆ. ನಮ್ಮದು ಮಳೆ ನಿಲ್ಲುವವರೆಗೂ ನಡೆಯುತ್ತದೆ. ಹೀಗೆ ನಾನು ಬರೆಯುವ ಎಷ್ಟೋ ಮಾತು ನಿಮಗೆ ವಿಚಿತ್ರ ಕಾಣಬಹುದು. ನಾನು ಊರ ಸಾಲೆಯಲ್ಲಿ ಆರು ವರ್ಷ ಕಲಿತವಳು, ಅಕ್ಷರ ದಪ್ಪ, ಮಾತು ಒರಟು. ಹೊಟ್ಟೆಗೆ ಹಾಕಿಕೊಂಡು ಓದಿರಿ.

ನಮ್ಮಲ್ಲಿ ಒಂದು ಊರಿಗೆ ವರ್ಷಕ್ಕೆ ಒಂದು ಹಿಂದೋಲೆ ಕಳಿಸುವ ಹಕ್ಕಿದೆ. ಅಂದರೆ ಕಾಲದ ಹಿಂದಕ್ಕೆ ಹೋಗುವ ಓಲೆ. ಹಳೇ ಗಣಿಯ ಬಾಯಲ್ಲಿ ನಿಂತಿರುವ ಓಲೆಗಂಬದ ಸೀಳಿನಲ್ಲಿ ಕಾಗದ ಇಟ್ಟರೆ ಅದು ಹೋಗುತ್ತದೆ. ಹೇಗೆ ಹೋಗುತ್ತದೆ ಎಂದು ನನ್ನನ್ನು ಕೇಳಬೇಡಿ, ಕಂಬ ಕಾಯುವ ರಾಚಯ್ಯನಿಗೇ ಅರ್ಧ ಗೊತ್ತಿಲ್ಲ. ಕಳೆದ ವರ್ಷ ಈ ಹಕ್ಕಿನಲ್ಲಿ ಬೀಜದ ಜೋಳದ ವಿಷಯ ಕೇಳಿದ್ದರು. ಈ ವರ್ಷ ದೈವದವರ ಮುಂದೆ, ಎಂದರೆ ಊರ ಹಿರಿಯರ ಮುಂದೆ, ಸೆರಗೊಡ್ಡಿ ನಾನು ಬೇಡಿಕೊಂಡೆ. ನನಗೆ ಬೇಕಾದದ್ದು ಒಂದೇ ಪ್ರಶ್ನೆಗೆ ಉತ್ತರ. ಹೆತ್ತ ಕೂಡಲೇ ಹೆಂಗಸಿಗೆ ಮೈ ನಡುಗುತ್ತದೆಯೇ? ಜ್ವರವಿಲ್ಲದೆ, ರೋಗವಿಲ್ಲದೆ, ಸುಮ್ಮನೆ ನಡುಗುತ್ತದೆಯೇ?

ಇಷ್ಟು ಗೊತ್ತಿಲ್ಲವೇ ಎಂದು ನೀವು ನಗಬಹುದು. ನಮಗೆ ನಿಜವಾಗಿ ಗೊತ್ತಿಲ್ಲ. ನಾನು ಹೊಟ್ಟೆಯಿಂದ ಹುಟ್ಟಿದವಳಲ್ಲ, ನನ್ನ ತಾಯಿಯೂ ಅಲ್ಲ, ಅವಳ ತಾಯಿಯೂ ಅಲ್ಲ. ಐದು ತಲೆಮಾರು ನಾವೆಲ್ಲ ತೊಟ್ಟಿಲಮನೆಯ ಹಸಿಗಡಿಗೆಯಲ್ಲಿ ಬೆಳೆದವರು. ಆಳೆತ್ತರದ ಗಾಜಿನ ಗಡಿಗೆ, ಒಳಗೆ ಬೆಚ್ಚನೆಯ ಉಪ್ಪುನೀರು, ನೀರಲ್ಲಿ ಕೂಸು. ಗೊತ್ತು ಮಾಡಿದ ದಿನ ಮುಚ್ಚಳ ತೆಗೆದು ಕೂಸನ್ನು ಎತ್ತುತ್ತಿದ್ದರು. ಊರಿಗೆ ಊರೇ ಕೂಸಿನ ಹಿಂದೆ ಹಾಡುತ್ತ ಹೋಗುತ್ತಿತ್ತು. ಗಡಿಗೆಯನ್ನು ತಣ್ಣೀರಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕುತ್ತಿದ್ದರು. ಆಮೇಲೆ ಅದರ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ನನ್ನ ಮಗಳು ಶಿವಲೀಲಾಳನ್ನೂ ನಾನು ಹಾಗೆಯೇ ಎತ್ತಿಕೊಂಡು ಬಂದೆ. ಎಂಟು ವರ್ಷದ ಹಿಂದೆ ಗಡಿಗೆಗಳು ಒಂದೊಂದಾಗಿ ತಣ್ಣಗಾದವು. ರಿಪೇರಿ ತಿಳಿದವರು ಸತ್ತುಹೋಗಿದ್ದರು. ಊರಲ್ಲಿ ಕೂಸಿನ ಅಳು ನಿಂತಿತು. ಕಡೆಗೆ ದೈವದವರು ಕೂಡಿ, ಹಳಬರ ಹಾಗೆ ಮೈಬಸಿರು ಹೊರಬಹುದು, ದೇವರು ಹೆಂಗಸಿಗೆ ಗರ್ಭ ಕೊಟ್ಟದ್ದು ಸುಮ್ಮನೆ ಅಲ್ಲ ಎಂದು ತೀರ್ಮಾನ ಮಾಡಿದರು.

ಮೊದಲು ಹೊತ್ತವಳು ಮಾನವ್ವ. ನನ್ನ ಪಕ್ಕದ ಮನೆಯವಳು, ಇಪ್ಪತ್ತಾರು ವರ್ಷದವಳು, ಬಾಯಿ ಜೋರು, ಮನಸ್ಸು ಹಸನು. ನನ್ನನ್ನು ಚಿಗವ್ವ, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದಳು. ನಮಗೆ ತಿಳಿದದ್ದು ಹೊಟ್ಟೆ ಮುಂದೆ ಬರುತ್ತದೆ ಎಂಬುದಷ್ಟೇ. ಆದರೆ ಅವಳ ಮೈಯಲ್ಲಿ ಹೊಟ್ಟೆಯೊಂದನ್ನು ಬಿಟ್ಟು ಎಲ್ಲ ಕಡೆ ಏನಾದರೊಂದು ಶುರುವಾಯಿತು. ಹಲ್ಲುಜ್ಜಿದರೆ ಒಸಡಿನಿಂದ ರಕ್ತ. ನೆಗಡಿ ಇಲ್ಲದೆ ಮೂಗು ಕಟ್ಟಿತು. ಬೆಳಿಗ್ಗೆ ಏಳುವಾಗ ಎರಡೂ ಕೈ ಜೋಮು ಹಿಡಿದು ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಹೊಕ್ಕುಳಿನಿಂದ ಕೆಳಕ್ಕೆ ಕಪ್ಪು ಗೆರೆ ಮೂಡಿತು. ಅದನ್ನು ನೋಡಿ ಅವಳ ಅತ್ತೆ ಮಸಿ ಹತ್ತಿರಬೇಕೆಂದು ಅಂಟವಾಳ ಕಾಯಿಯ ನೊರೆ ಹಚ್ಚಿ ಉಜ್ಜಿದಳು. ಪಾದ ಉದ್ದವಾದವು. ಎರಡನೆಯ ಸಲ ಹೊಸ ಕೆರ ಹೊಲಿಸಲು ಹೋದಾಗ ಕೆರ ಹೊಲಿಯುವ ದುರ್ಗಪ್ಪ, “ಏನವಾ ಮಾನವ್ವಾ, ಕಾಲೂ ಬಸರಾಗ್ಯಾವೇನ?” ಎಂದ. ಅವಳು ಬಿಟ್ಟಾಳೆಯೇ, “ಹೌದೋ ಅಣ್ಣಾ, ಎಡಗಾಲಿಗೆ ಗಂಡ, ಬಲಗಾಲಿಗೆ ಹೆಣ್ಣ, ಜೋಡ ತೊಟ್ಟಿಲಾ ಕಟ್ಟಿಡು” ಎಂದಳು. ಎಲ್ಲರೂ ನಕ್ಕೆವು. ಸೀನಿದರೆ ಸೀರೆ ಒದ್ದೆಯಾಗುವ ಸಂಗತಿಗೆ ಮಾತ್ರ ಅವಳು ನಗಲಿಲ್ಲ, ನನ್ನ ಕಿವಿಯಲ್ಲಿ ಹೇಳಿ ಅತ್ತಳು.

ಇಲ್ಲಿ ನಮ್ಮ ಇನ್ನೊಂದು ಕಟ್ಟಳೆಯನ್ನು ನಿಮಗೆ ಹೇಳಬೇಕು. ನನ್ನ ಅಜ್ಜನ ಕಾಲದಲ್ಲಿ ನಡುಕಜ್ವರ ಬಂದು ಏಳುಮೆಟ್ಟಿಲಲ್ಲಿ ಮೂರರಲ್ಲಿ ಎರಡು ಪಾಲು ಜನ ಹೋದರು. ಅಂದಿನಿಂದ ಯಾರಿಗೆ ಮೈ ನಡುಗಿದರೂ, ಅವರು ದೈವದ ಹಿರಿಯರೇ ಆಗಿರಲಿ, ಊರ ಹೊರಗಿನ ಕಲ್ಲುಕೋಣೆಯಲ್ಲಿ ಏಳು ದಿನ ಒಬ್ಬರೇ ಇರಬೇಕು. ನೀರು ರೊಟ್ಟಿ ಕಿಂಡಿಯಲ್ಲಿ ಕೊಡುತ್ತಾರೆ. ಆ ಜ್ವರದಲ್ಲಿ ನಡುಕ ನಡುನಡುವೆ ನಿಂತು ಮತ್ತೆ ಬರುತ್ತಿತ್ತಂತೆ. ಆದ್ದರಿಂದ ನಿಂತಿತೆಂದು ಕೂಗಿದರೂ ಬಾಗಿಲು ತೆಗೆಯಬಾರದು ಎಂಬುದು ಕಟ್ಟಳೆ. ಇದರಿಂದ ಎರಡು ಸಲ ಊರು ಉಳಿದದ್ದನ್ನು ನಾನೇ ಕಂಡಿದ್ದೇನೆ. ಆ ಕೋಣೆಯ ಕೀಲಿ ಹದಿನೈದು ವರ್ಷದಿಂದ ನನ್ನ ಸೊಂಟದಲ್ಲಿದೆ. ಶಿವನ ಮೇಲೆ ಭಯಭಕ್ತಿ ಇರುವವಳು, ಯಾರ ಮೋರೆಯನ್ನೂ ನೋಡುವವಳಲ್ಲ ಎಂದು ನನಗೆ ಕೊಟ್ಟರು.

ಮಾನವ್ವ ಹೋದ ವರ್ಷ ಕಾರ್ತಿಕದಲ್ಲಿ ಹೆತ್ತಳು. ಒಂದು ರಾತ್ರಿಯೆಲ್ಲ ಬೇನೆ ತಿಂದು ಮರುದಿನ ಮಧ್ಯಾಹ್ನದ ಮೇಲೆ ಹೆಣ್ಣು ಕೂಸು ಬಂತು, ಗಟ್ಟಿಯಾಗಿ ಅತ್ತಿತು. ಏಳು ವರ್ಷದ ಮೇಲೆ ಕೇಳಿದ ಅಳು. ಎಲ್ಲರೂ ಕೂಸಿನ ಹಿಂದೆ ಹಾಡುತ್ತ ಹೋದರು. ಗಡಿಗೆಗೆ ಮಾಡುತ್ತಿದ್ದ ಹಾಗೆಯೇ ಮಾನವ್ವನ ಮೈ ಮೇಲೆ ತಣ್ಣೀರು ಸುರಿದೆವು. ಕೂಸು ಹೊರಗೆ ಬಂದ ಮೇಲೆ ಒಳಗಿನ ಕೆಲಸ ಮುಗಿಯಿತೆಂದೇ ನಾವು ತಿಳಿದಿದ್ದೆವು. ಸ್ವಲ್ಪ ಹೊತ್ತಿಗೆ ಅವಳು ನಡುಗತೊಡಗಿದಳು. ಚಳಿಗೆ ನಡುಗಿದ ಹಾಗಲ್ಲ. ಹಲ್ಲು ಕಟಕಟ, ಮೊಣಕಾಲು ಹಾಸಿಗೆಗೆ ಬಡಿಯುವಷ್ಟು. ಹಣೆ ಮುಟ್ಟಿದೆ, ಬಿಸಿ ಇರಲಿಲ್ಲ. ಅವಳು ನನ್ನ ಕೈ ಹಿಡಿದು, “ಚಿಗವ್ವಾ, ನನಗ ಜ್ವರಾ ಇಲ್ಲ, ಸುಮ್ಮ ಮೈ ನಡಗಾಕ ಹತ್ತೇತಿ, ಯಾರಿಗೂ ಹೇಳಬ್ಯಾಡ” ಎಂದಳು. ನಾನು ಹೇಳಿದೆ. ಕಂಬಳಿಯಲ್ಲಿ ಸುತ್ತಿ ನಾಲ್ಕು ಜನ ಹೊತ್ತು ಕಲ್ಲುಕೋಣೆಯಲ್ಲಿ ಇಟ್ಟರು. ಕೀಲಿ ಹಾಕಿದವಳು ನಾನು.

ಕಿಂಡಿಯ ಕೆಳಗೆ ಕೂತು ಜಪ ಮಾಡುತ್ತಿದ್ದೆ. ರೊಟ್ಟಿ ಮೂರು ಬೇಯುವಷ್ಟು ಹೊತ್ತು ಆಗಿರಬಹುದು, ಒಳಗಿನಿಂದ ಅವಳ ದನಿ ಬಂತು. “ಚಿಗವ್ವಾ, ನಡುಕ ನಿಂತೈತಿ. ಬಾಗಲಾ ತಗೀ, ಕೂಸಿನ ಮಾರಿ ನೋಡತೇನಿ.” ಏಳು ದಿನ ಎಂದರೆ ಏಳು ದಿನ, ಶಿವನ್ನ ನೆನೆ ಎಂದೆ. ಮತ್ತೆ ಸ್ವಲ್ಪ ಹೊತ್ತಿಗೆ, “ಕೆಳಗ ಬೆಚ್ಚಗ ಹರ್ಯಾಕ ಹತ್ತೇತಿ, ನಿಲ್ಲವಲ್ದು. ಇದು ಹಿಂಗ ಹರೀತೈತೇನ?” ಎಂದಳು. ಅದು ಹಾಗೆಯೇ ಹರಿಯುತ್ತದೆಯೋ ಇಲ್ಲವೋ, ಎಷ್ಟು ಹರಿದರೆ ಸರಿ, ನನಗೆ ಏನು ಗೊತ್ತು? ಗಡಿಗೆಯಿಂದಲೂ ನೀರು ಚೆಲ್ಲುತ್ತಿತ್ತು. ಹರೀತೈತಿ, ಮಲಕೋ ಎಂದೆ. ಹೊತ್ತು ಮುಳುಗುವ ಮೊದಲು ಅವಳು ಒಮ್ಮೆ, “ಬಾಳ ನಿದ್ದಿ ಬರ್ತೈತಿ” ಎಂದಳು. ನಾನು ಒಳ್ಳೇದಾಯಿತು ಎಂದುಕೊಂಡೆ. ಮರುದಿನದಿಂದ ಕಿಂಡಿಯಲ್ಲಿಟ್ಟ ರೊಟ್ಟಿ ಮುಟ್ಟದೆ ಉಳಿಯಿತು, ಆದರೂ ಕಟ್ಟಳೆಯೆಂದು ಬಾಗಿಲು ತೆಗೆಯಲಿಲ್ಲ. ಏಳನೆಯ ದಿನ ಬಾಗಿಲು ತೆಗೆದಾಗ ಕಂಡದ್ದನ್ನು ಇಲ್ಲಿ ಬರೆಯಲಾರೆ. ಊರಲ್ಲಿ ಇನ್ನೊಬ್ಬರಿಗೂ ಜ್ವರ ಬರಲಿಲ್ಲ, ಅವಳನ್ನು ಹೊತ್ತ ನಾಲ್ವರಿಗೂ ಬರಲಿಲ್ಲ. ನನ್ನನ್ನು ಯಾರೂ ಬಯ್ಯಲಿಲ್ಲ, ಕಟ್ಟಳೆಯಂತೆ ನಡೆದಳು ಎಂದರು. ಪೂಜೆಗೆ ಕೂತಾಗ ಅಂಗೈಯಲ್ಲಿರುವ ಲಿಂಗ ಭಾರವಾಗಿ ಕೈ ಇಳಿಯುತ್ತದೆ.

ಈಗ ನನ್ನ ಶಿವಲೀಲಾಳಿಗೆ ಎಂಟು ತಿಂಗಳು ತುಂಬುತ್ತ ಬಂದಿದೆ. ಬೇಡವೆಂದು ನಾನು ಹೇಳಿದ್ದೆ. ಅವಳೂ ಅವಳ ಗಂಡ ಫಕೀರಪ್ಪನೂ ಕೇಳಲಿಲ್ಲ. ಅವಳ ಮೈಯಲ್ಲಿ ಮಾನವ್ವನಿಗೆ ಆಗದ ಬೇರೆ ಬೇರೆ ಸಂಗತಿ ಆಗುತ್ತಿವೆ. ಅಡುಗೆಮನೆಯ ಗೋಡೆಯ ಮಣ್ಣು ಕಿತ್ತು ತಿನ್ನುತ್ತಾಳೆ. ನೀರು ತರುವ ಹೆಂಗಸರು, “ಏ ಅಡಿವೆವ್ವಾ, ಮಗಳು ಮನೀ ತಿಂದ ಮುಗಸೂದ್ರಾಗ ನೀ ಹೊರಗ ಬಾರವಾ” ಎಂದು ಆಡಿಕೊಳ್ಳುತ್ತಾರೆ. ಕೆನ್ನೆಯ ಮೇಲೆ ಕಂದು ಮಚ್ಚೆ ಹರಡಿದೆ. ನಡೆಯುವಾಗ ಹೊಟ್ಟೆಯ ಕೆಳಗಿನ ಎಲುಬು ಬಿಚ್ಚಿಕೊಂಡ ಹಾಗೆ ಕಟ್ ಎನ್ನುತ್ತದಂತೆ. ಮೊನ್ನೆ ಮಾನವ್ವನ ಕೂಸು ಅಂಗಳದಲ್ಲಿ ಬಿದ್ದು ಅತ್ತಿತು. ಆ ಅಳು ಕೇಳಿದ್ದೇ ಇವಳ ಕುಪ್ಪಸದ ಮುಂದೆ ಹಳದಿ ಹಾಲು ಜಿನುಗಿತು. ಇವಳದು ಇನ್ನೂ ಹುಟ್ಟಿಯೇ ಇಲ್ಲ. ಗಾಬರಿಯಾಗಿ ನನ್ನ ಮೋರೆ ನೋಡಿದಳು, ನಾನು ಅವಳ ಮೋರೆ ನೋಡಿದೆ. ಆಮೇಲೆ ಅವಳೇ ಕೇಳಿದಳು, “ಅವ್ವಾ, ನನಗೂ ನಡುಕ ಬಂದ್ರ ನೀ ಕೀಲಿ ಹಾಕ್ತೀ?”

ನಾನು ದೈವದವರ ಹತ್ತಿರ ಹೋಗಿ ಹೇಳಿದೆ, ಹೆತ್ತವಳ ನಡುಕ ಬೇರೆ, ಜ್ವರದ ನಡುಕ ಬೇರೆ ಇರಬೇಕು ಎಂದು. ಹಿರಿಯ ಚೆನ್ನಬಸಯ್ಯನವರು ಕೆಟ್ಟವರಲ್ಲ. “ಇರಬಹುದು ತಂಗೀ, ಆದರ ಇರಬೇಕು ಅಂಬೂದರ ಮ್ಯಾಲ ಊರಿನ ಜೀವಾ ಇಡಾಕ ಬರೂದಿಲ್ಲ. ಹೆತ್ತಾಕಿ ಒಬ್ಬಾಕಿ ಬರೆದ ಮಾತು ತಂದ ತೋರಸು, ಕಟ್ಟಳೆ ತಿದ್ದೋಣು” ಎಂದರು. ಕೀಲಿಯನ್ನು ಬೇರೆಯವರಿಗೆ ಕೊಡುತ್ತೇನೆ ಎಂದೆ. ಕೊಟ್ಟರೆ ಹಾಕುವವರು ಬೇರೆಯವರು, ಅಷ್ಟೇ ಎಂದರು. ಅದು ನಿಜ.

ನೀರಿಗೆ ಸಿಗದೆ ಉಳಿದ ನಿಮ್ಮ ಕಾಲದ ಪುಸ್ತಕಗಳನ್ನು ಸಾಲೆಯ ಪೆಟ್ಟಿಗೆಯಿಂದ ತೆಗೆದು ಓದಿದೆ. ತಾಯಿ ದೇವರು ಎಂದಿದೆ. ಬಸುರಿಯ ಮುಖದ ಕಳೆ, ಸೀಮಂತದ ಹಸಿರು ಬಳೆ, ಕೂಸಿನ ಹಾಲುಗಲ್ಲ ಎಲ್ಲ ಇದೆ. ಹೆತ್ತವಳ ಮೈಗೆ ಏನಾಯಿತು ಎಂದು ಒಂದು ಸಾಲಿಲ್ಲ. ಬೇನೆ ತಿಂದಳು ಎಂದಿರುತ್ತದೆ, ಮುಂದಿನ ಸಾಲಿಗೆ ಕೂಸು ತೊಟ್ಟಿಲಲ್ಲಿರುತ್ತದೆ. ನಾಚಿಕೆಗೆ ಬರೆಯಲಿಲ್ಲವೋ, ಎಲ್ಲರಿಗೂ ಗೊತ್ತಿರುವುದನ್ನು ಏನು ಬರೆಯುವುದು ಎಂದು ಬಿಟ್ಟಿರೋ ತಿಳಿಯದು. ನಿಮ್ಮ ಅವ್ವಂದಿರು ಬಾಯಿಂದ ಬಾಯಿಗೆ ಹೇಳಿರಬೇಕು. ಆ ಬಾಯಿಗಳು ನಮ್ಮವರೆಗೆ ಬರಲಿಲ್ಲ. ತಾಯಂದಿರೇ, ನೀವು ಚಂದ ಬರೆಯುವುದು ಬೇಡ. ಎಷ್ಟು ಹೊತ್ತು ನಡುಗಿದಿರಿ, ಮೈ ಬಿಸಿಯಿತ್ತೋ ತಣ್ಣಗಿತ್ತೋ, ಯಾರು ಏನು ಹೊದಿಸಿದರು. ಎಷ್ಟು ರಕ್ತ ಹೋದರೆ ಹೋಗಲಿ ಎನ್ನಬೇಕು, ಎಷ್ಟು ಹೋದರೆ ಓಡಬೇಕು. ನಿದ್ದೆ ಬರುತ್ತದೆ ಎಂದರೆ ಮಲಗಿಸಬೇಕೋ ಎಬ್ಬಿಸಬೇಕೋ. ಅಷ್ಟನ್ನು ಬರೆಯಿರಿ. ಹೆಸರು ಹಾಕದಿದ್ದರೂ ನಡೆಯುತ್ತದೆ, ಹೆತ್ತವಳು ಎಂದು ಮಾತ್ರ ಬರೆಯಿರಿ.

ಓಲೆಗಂಬ ಹಿಂದಕ್ಕೆ ಒಯ್ಯುತ್ತದೆ, ಮುಂದಕ್ಕೆ ತರುವುದಿಲ್ಲ. ನಿಮ್ಮ ಉತ್ತರ ನಮ್ಮವರೆಗೆ ಬರಬೇಕಾದರೆ ನೆಲದಲ್ಲಿ ಮಲಗಿಯೇ ಬರಬೇಕು. ಗುಡ್ಡದ ಮೂಡಣ ಸೆರಗಿನಲ್ಲಿ ಒಂದಕ್ಕೊಂದು ಒರಗಿದ ಎರಡು ದೊಡ್ಡ ಗುಂಡುಕಲ್ಲುಗಳಿವೆ. ನಿಮ್ಮ ಕಾಲದಲ್ಲೂ ಹಾಗೆಯೇ ಇದ್ದವು ಎಂದು ಹಳೇ ನಕಾಶೆಯಲ್ಲಿದೆ. ನೆರೆ ಅಲ್ಲಿಯವರೆಗೆ ಏರಲಿಲ್ಲ. ಅವುಗಳ ಬಡಗಣ ಮಗ್ಗುಲಲ್ಲಿ ಮೊಳಕೈ ಆಳ ಅಗೆದು, ಗಾಜಿನ ಬಾಟಲಿಯಲ್ಲಿ ಕಾಗದ ಹಾಕಿ, ಬಾಯಿಗೆ ಮೇಣ ಬಿಗಿದು ಹುಗಿಯಿರಿ. ಹೋಗುವಾಗ ಒಬ್ಬರೇ ಹೋಗಬೇಡಿ, ಹಾವಿನ ಜಾಗ. ನಿಮ್ಮ ಮೊಮ್ಮಕ್ಕಳಿಗಾಗಿ ಇದೊಂದು ಉಪಕಾರ ಮಾಡಿರಿ. ಶಿವ ನಿಮ್ಮ ಹೊಟ್ಟೆ ತಣ್ಣಗಿಡಲಿ.

ಇನ್ನು ಉಳಿದದ್ದು ನಿನಗೆ, ರಾಚಯ್ಯ. ಕಂಬಕ್ಕೆ ಇಡುವ ಮೊದಲು ಪ್ರತಿ ಓಲೆಯನ್ನೂ ನೀನು ಓದುತ್ತೀ, ಇದನ್ನೂ ಓದುತ್ತಿದ್ದೀ. ಓದಿ ಸೀಳಿನಲ್ಲಿ ಇಟ್ಟ ಗಳಿಗೆಗೇ ಇದು ಅವರ ಕೈ ಸೇರಿ ಎಷ್ಟೋ ತಲೆಮಾರು ಕಳೆದಿರುತ್ತದೆ, ಉತ್ತರ ಇರುವುದೇ ಆದರೆ ಆಗಲೇ ನೆಲದಲ್ಲಿರುತ್ತದೆ. ಆದ್ದರಿಂದ ನಾಳೆ ನಾಡಿದ್ದು ಎನ್ನಬೇಡ. ಆ ಗುಂಡುಕಲ್ಲುಗಳ ತನಕ ಎರಡು ದಿನದ ದಾರಿ. ಶಿವಲೀಲಾಳ ಕಾಲು ಬಾತಿವೆ, ಹೊಟ್ಟೆ ಕೆಳಗೆ ಇಳಿದಿದೆ, ಅವಳನ್ನು ಬಿಟ್ಟು ನಾನು ಹೊರಡಲಾರೆ. ಫಕೀರಪ್ಪನನ್ನು ಕಳಿಸೋಣವೆಂದರೆ ಅವನು ನನ್ನ ಅಳಿಯ, ಅವನು ತಂದ ಕಾಗದವನ್ನು ದೈವದವರು ನಂಬಲಿಕ್ಕಿಲ್ಲ. ನೀನು ಹೋಗು. ಹಾರೆ ನಿನ್ನ ಹತ್ತಿರ ಇದೆ, ರೊಟ್ಟಿಯ ಗಂಟನ್ನು ಈ ಓಲೆಯ ಜೊತೆಗೇ ಕಳಿಸಿದ್ದೇನೆ. ಬಾಟಲಿಯನ್ನು ಅಲ್ಲಿ ಒಡೆಯಬೇಡ, ನೀನು ಮೊದಲು ಓದಲೂ ಬೇಡ, ನೇರ ಚೆನ್ನಬಸಯ್ಯನವರ ಅಂಗಳಕ್ಕೆ ತಂದು ಎಲ್ಲರ ಮುಂದೆ ಬಿಚ್ಚು. ಏನೂ ಸಿಗದಿದ್ದರೆ ದೈವದವರ ಹತ್ತಿರ ಹೋಗಬೇಡ, ಮೊದಲು ನನ್ನ ಹತ್ತಿರ ಬಂದು ಹೇಳು. ಮಗಳನ್ನು ಕರೆದುಕೊಂಡು ಊರು ಬಿಡಲು ನನಗೆ ಒಂದು ದಿನವಾದರೂ ಬೇಕು. ಬೇಗ ಹೋಗಿ ನನ್ನ ಉತ್ತರ ತಾ, ಅಣ್ಣಾ.