ಗೋಡೆಯ ಮೇಲಿದ್ದ ವೇಗಮಿತಿ

ಗ್ಲೈಡರ್ ಹಾರಾಟದ ಸುರಕ್ಷತೆ ನೋಡಿಕೊಳ್ಳುವ ಮಾನ್ಯರೇ,

ನನ್ನ ಮಗಳು ತನ್ಮಯಿ ವೇಗಮಿತಿ ಮೀರಿದಳೆಂದು ಬರೆದು ಅವಳ ಪರವಾನಗಿ ರದ್ದು ಮಾಡಿದ್ದೀರಿ. ನಿಮ್ಮ ವರದಿಯಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನನ್ನ ಸಿಟ್ಟಿಗೆ ಅದೇ ಕಾರಣ.

ಹಿಮಾಲಯದ ಶಿಬಿರದಿಂದ ಹಾರಿ ಏಳು ಸಾವಿರ ಮೀಟರ್ ಎತ್ತರದಲ್ಲಿದ್ದಾಗ, ಎಂಜಿನ್ ಇಲ್ಲದ ಆ ವಿಮಾನದ ಬಾಲ ಗಡಗಡ ನಡುಗಿ ಮುರಿಯಿತು. ಪ್ಯಾರಾಚೂಟ್ ಇದ್ದದ್ದರಿಂದ ಮಗಳು ಉಳಿದಳು, ಸೊಂಟದ ಮೂಳೆ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟು ಅವಳು ಮೊದಲು ಹೇಳಿದ್ದು, “ಅಮ್ಮ, ಮುಳ್ಳು ಕೆಂಪು ಗೆರೆ ಮುಟ್ಲೇ ಇಲ್ಲ.”

ನಿಜ, ಮುಟ್ಟಿರಲಿಲ್ಲ. ವೇಗಮಾಪಕದಲ್ಲಿ ಗೆರೆ ಇದ್ದದ್ದು ಗಂಟೆಗೆ ಇನ್ನೂರೈವತ್ತು ಕಿಲೋಮೀಟರಿಗೆ, ಮುಳ್ಳು ಇದ್ದದ್ದು ಇನ್ನೂರಿಪ್ಪತ್ತೈದರಲ್ಲಿ. ಆದರೆ ಆ ಮುಳ್ಳು ಅಳೆಯುವುದು ಎದುರು ಬಡಿಯುವ ಗಾಳಿಯ ಒತ್ತಡವನ್ನು. ಮೇಲೆ ಹೋದಂತೆ ಗಾಳಿ ತೆಳುವಾಗಿ ಮುಳ್ಳು ಕಡಿಮೆ ತೋರಿಸುತ್ತದೆ, ವಿಮಾನ ಮಾತ್ರ ಅದಕ್ಕಿಂತ ಎಷ್ಟೋ ಜೋರಾಗಿ ಓಡುತ್ತಿರುತ್ತದೆ. ಅದಕ್ಕೇ ಎತ್ತರ ಏರಿದಂತೆ ಮಿತಿ ಇಳಿಯಬೇಕು. ಏಳು ಸಾವಿರದಲ್ಲಿ ಮಿತಿ ಬರೀ ಇನ್ನೂರು. ಇದನ್ನೆಲ್ಲ ಬರೆದ ಪಟ್ಟಿಯೊಂದಿದೆ. ಅದು ಎಲ್ಲಿತ್ತು?

ಕೇಳಲು ಹನುಮಂತನಗರದಿಂದ ಎರಡು ಬಸ್ ಬದಲಾಯಿಸಿ ನಿಮ್ಮ ಕಚೇರಿಗೆ ಬಂದೆ. ಕಾಫಿ ಕೊಡಿಸಿದಿರಿ, ಮರೆತಿಲ್ಲ. “ಪಟ್ಟಿ ಶಿಬಿರದ ಆಫೀಸ್ ಗೋಡೆ ಮೇಲಿದೆಯಲ್ಲ ಮೇಡಂ. ವಿಮಾನದೊಳಗೆ ಅಂಟಿಸಿದ್ರೆ ಬಿಸಿಲಿಗೆ ಕಿತ್ತು ಬರುತ್ತೆ ಅಂತ ಫ್ರೇಮ್ ಹಾಕ್ಸಿದೀವಿ” ಎಂದಿರಿ. ಆಯುಧಪೂಜೆಗೆ ಅದಕ್ಕೂ ಕುಂಕುಮ ಹಚ್ಚುತ್ತೀರಂತೆ. ತಪಾಸಣೆಯ ಕಾಗದದಲ್ಲಿ ‘ಪಟ್ಟಿ ಪ್ರದರ್ಶಿಸಲಾಗಿದೆ’ ಎಂಬುದರ ಮುಂದೆ ನಿಮ್ಮದೇ ಟಿಕ್. ಯಾರಿಗೆ ಪ್ರದರ್ಶಿಸಿದಿರಿ ಸ್ವಾಮಿ? ಗೋಡೆಯ ಹಲ್ಲಿಗೇ? ಆಮ್ಲಜನಕದ ಮುಖವಾಡ ಕಟ್ಟಿಕೊಂಡವಳು ಕೆಳಗಿಳಿದು, ಆಫೀಸಿನ ಬೀಗ ತೆಗೆಸಿ, ಓದಿಕೊಂಡು ಮತ್ತೆ ಮೇಲೇರಬೇಕಿತ್ತೇ? ವಿಮಾನ ಮಾಡಿದವರು ಪಟ್ಟಿ ಕೊಟ್ಟಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ.

ನಾನೂ ಸಾಚಾ ಅಲ್ಲ. ಮೂವತ್ತೊಂದು ವರ್ಷ ಜಯನಗರದ ಹೈಸ್ಕೂಲೊಂದರಲ್ಲಿ ಭೌತಶಾಸ್ತ್ರ ಕಲಿಸಿದವಳು. ಎತ್ತರದಲ್ಲಿ ಗಾಳಿ ತೆಳು ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಆದರೂ ಪ್ರತಿ ಹಾರಾಟಕ್ಕೆ ಮುಂಚೆ ಫೋನಿನಲ್ಲಿ ಮಗಳಿಗೆ ಹೇಳುತ್ತಿದ್ದದ್ದು, “ಕೆಂಪು ಗೆರೆ ದಾಟ್ಬೇಡ, ಅಷ್ಟು ಸಾಕು.” ಅವಳು ಅಮ್ಮನ ಮಾತು ಕೇಳಿದಳು. ಈ ಸಂಕಟ ನಾನು ಸಾಯುವವರೆಗೂ ಹೋಗುವುದಿಲ್ಲ.

ಮುಂದಿನ ತಿಂಗಳು ಶಿಬಿರ ಮತ್ತೆ ಶುರುವಂತೆ. ಅದಕ್ಕೆ ಮುಂಚೆ ಪ್ರತಿ ಗ್ಲೈಡರಿನಲ್ಲೂ ಆ ಪಟ್ಟಿ ಮುಳ್ಳಿನ ಪಕ್ಕದಲ್ಲೇ ಇರಬೇಕು. ತನ್ಮಯಿಯ ಪರವಾನಗಿ ಮರಳಬೇಕು, ‘ಅಪಘಾತದ ದಿನ ಪಟ್ಟಿ ಗೋಡೆಯ ಮೇಲಿತ್ತು’ ಎಂಬ ವಾಕ್ಯ ವರದಿಗೆ ಸೇರಬೇಕು.

ಇದರೊಂದಿಗೆ ಆ ಪಟ್ಟಿಯ ಹನ್ನೊಂದು ಸ್ಟಿಕರ್ ಇಟ್ಟಿದ್ದೇನೆ, ಶಿಬಿರದ ಗ್ಲೈಡರಿಗೆ ಒಂದೊಂದರಂತೆ. ಮಲಗಿದಲ್ಲಿಂದಲೇ ತನ್ಮಯಿ ಅಂಕಿಗಳನ್ನು ಓದಿ ಹೇಳಿದಳು. ತಿಲಕ್ ನಗರದಲ್ಲಿ ಸ್ಕೂಟರ್ ನಂಬರ್ ಅಂಟಿಸುವ ಮರುಳಸಿದ್ದಪ್ಪ ಮಾಡಿಕೊಟ್ಟರು. ಬಿಸಿಲಿಗೆ ಕಿತ್ತು ಬರುತ್ತದೆಯೇ ಎಂದು ಕೇಳಿದೆ. “ಐದು ವರ್ಷ ಅಲ್ಲಾಡಲ್ಲ ಮೇಡಂ” ಎಂದರು.

ಇಂತಿ,
ನಿಮ್ಮಷ್ಟೇ ತಿಳಿದಿದ್ದೂ ಮಗಳಿಗೆ ಹೇಳದೆ ಉಳಿದ
ಕಾತ್ಯಾಯಿನಿ, ಹನುಮಂತನಗರ